ಎಲೆಯೊಳಗಿನ ಗುಳಿಗೆ

ಅನ್ನಮ್ಮನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಹಸಿವು. ಸುರಪುರದಲ್ಲಿ ನಮ್ಮ ಮನೆಯೂ ಅವಳ ರೊಟ್ಟಿಯ ಅಂಗಡಿಯೂ ಎದುರುಬದುರು. ನಾನು ರಂಗಂಪೇಟೆಯ ಶಾಲೆಯಲ್ಲಿ ಪಾಠ ಹೇಳುವವಳು. ಬೆಳಗಿನ ಹೊತ್ತು ನನ್ನ ಒಲೆ ಹೊತ್ತಿದ್ದು ಅಪರೂಪ. ಅನ್ನಮ್ಮನ ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದೇ ನನ್ನ ಮಕ್ಕಳು ಎತ್ತರಕ್ಕೆ ಬೆಳೆದದ್ದು. ಆದ್ದರಿಂದ ಅವಳನ್ನು ಬಯ್ಯುವ ಹಕ್ಕು ಊರಿನ ಉಳಿದವರಿಗಿಂತ ನನಗೆ ಒಂದು ಕೈ ಹೆಚ್ಚೇ ಇದೆ ಎಂದು ತಿಳಿದುಕೊಂಡಿದ್ದೇನೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ತಗಡಿನ ಚಪ್ಪರದ ಕೆಳಗೆ ಸಾಲಾಗಿ ಕಟ್ಟಿಗೆಯ ಒಲೆಗಳು, ಗೋಡೆಗೆ ಒರಗಿಸಿದ ಬುಟ್ಟಿಗಳು, ಬುಟ್ಟಿ ತುಂಬ ಒಣಗಿಸಿದ ಕಟಕ್ ರೊಟ್ಟಿ. ಗಂಡ ತೀರಿಕೊಂಡ ಮೇಲೆ ಸಗರದ ತವರಿಗೆ ಹೋಗಿ ಕೂರುವ ಬದಲು ಅನ್ನಮ್ಮ ಇದನ್ನು ಶುರು ಮಾಡಿದಳು. ಮೊದಲ ದಿನದಿಂದ ಅವಳ ಮಗ್ಗುಲಲ್ಲಿ ಕೂತವಳು ಮಜೀದಾ. ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುವಳು. ಮಾತು ಬೇಡ, ಸನ್ನೆ ಬೇಡ; ಬಡಿದ ರೊಟ್ಟಿ ಈ ಕೈಯಿಂದ ಆ ಕೈಗೆ ಹೋಗುವುದನ್ನು ನೋಡುತ್ತ ನಾನು ಎಷ್ಟೋ ಸಲ ಶಾಲೆಗೆ ತಡ ಮಾಡಿಕೊಂಡಿದ್ದೇನೆ. ಅನ್ನಮ್ಮನ ತಂಗಿಯ ಮಗಳು ಕಸ್ತೂರಿ ಫೋನು ಎತ್ತುವುದು, ರೊಟ್ಟಿ ಕಟ್ಟಿಕೊಡುವುದು ಮಾಡುತ್ತಿದ್ದಳು.

ಕೆಲಸ ಮುಗಿದ ಮೇಲೆ ಒಂದು ರೂಢಿ. ಅನ್ನಮ್ಮ ಸೊಂಟದ ಎಲೆ ಸಂಚಿ ಬಿಚ್ಚುತ್ತಾಳೆ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ, ಮೊದಲ ಎಲೆ ಮಜೀದಾಳ ಕೈಗೆ, ಆಮೇಲಿನದು ತನ್ನ ಬಾಯಿಗೆ. ಮಜೀದಾ ಅದನ್ನು ನೋಡುವುದೂ ಇಲ್ಲ. ಕೈ ಚಾಚಿ, ತಗೊಂಡು, ದವಡೆಗೆ ಒತ್ತಿಕೊಂಡು ಒಲೆಯ ಬೂದಿ ಎಳೆಯುತ್ತಾಳೆ. ಹಬ್ಬವಿರಲಿ, ಹರಿದಿನವಿರಲಿ, ಇಬ್ಬರಲ್ಲಿ ಸಣ್ಣ ಮಾತಿನ ಜಗಳವಾಗಿರಲಿ, ಆ ಎಲೆ ತಪ್ಪಿದ್ದಿಲ್ಲ.

ಅನ್ನಮ್ಮನ ಆರೋಗ್ಯ ಊರಿಗೇ ಮಾದರಿಯಾಗಿತ್ತು. ನಸುಕಿನಲ್ಲೇ ಎದ್ದು ಗುಡ್ಡದ ದಾರಿ ಹಿಡಿದು ಹೋಗಿ ಬರುತ್ತಿದ್ದಳು. ಬಂದವಳು ಒಲೆಯ ಮುಂದೆ ಕೂತರೆ ಬಿಸಿಲು ಏರುವ ತನಕ ಏಳುತ್ತಿರಲಿಲ್ಲ. ಮೇಲಿಂದ ಅವಳ ನಗು. ಬೀದಿಯ ಆ ತುದಿಗೆ ನಿಂತವರಿಗೂ ಅನ್ನಮ್ಮ ಇವತ್ತು ಯಾವುದಕ್ಕೋ ನಕ್ಕಳು ಎಂದು ಗೊತ್ತಾಗುತ್ತಿತ್ತು. ನನ್ನಂಥ ಸಿಡುಕಿ ಬಂದು ನಿಂತರೆ, "ಟೀಚರಮ್ಮ, ಮಾರಿ ಯಾಕ ಹಂಗ ಗಂಟ್ ಹಾಕೀರಿ? ಸಿಟ್ಟು ಮನ್ಯಾಗ ಇಟ್ಟು ಬರ್ರಿ, ಯಾರೂ ಕದಿಯಂಗಿಲ್ಲ" ಎನ್ನುವಳು. ನಗದೆ ಏನು ಮಾಡುವುದು.

ಅವಳ ಬೋಧನೆ ಸರಳವಾಗಿತ್ತು. ಮುಂಜಾನೆ ನಡೀರಿ, ಕೈ ತುಂಬ ಕೆಲಸ ಇಟ್ಕೊಳ್ರಿ, ಯಾರ ಮೇಲೂ ದ್ವೇಷ ಕಟ್ಕೊಂಡು ಕೂಡಬ್ಯಾಡ್ರಿ, ಹೊಟ್ಟೆಗೆ ಜ್ವಾಳದ ರೊಟ್ಟಿ ತಿನ್ರಿ. ಇಷ್ಟರಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗುವುದಿಲ್ಲ. ಅವಳು ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೂ ಬರುತ್ತಿರಲಿಲ್ಲ.

ನಮ್ಮ ಕಡೆ ಒಂದು ನಂಬಿಕೆ ಇದೆ: ಸಕ್ಕರೆ ಕಾಯಿಲೆ ಅನ್ನ ತಿನ್ನುವವರ ಕಾಯಿಲೆ, ರೊಟ್ಟಿ ತಿನ್ನುವವರ ಹತ್ತಿರ ಅದು ಸುಳಿಯುವುದಿಲ್ಲ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂದು ಎದೆ ತಟ್ಟಿಕೊಳ್ಳುವ ಮಂದಿ ನಾವು. ತೋಳಕ್ಕೆ ಸಕ್ಕರೆ ಕಾಯಿಲೆ ಬಂದದ್ದನ್ನು ಯಾರು ಕೇಳಿದ್ದಾರೆ? ಹಾಗಾಗಿ ವೈದ್ಯರು ಗುಳಿಗೆ ಬರೆದುಕೊಟ್ಟರೆ ನಾವು ಅದನ್ನು ತಿಂಗಳೊಪ್ಪತ್ತು ನುಂಗಿ, ಆಮೇಲೆ ಇನ್ನೆರಡು ರೊಟ್ಟಿ ಹೆಚ್ಚು ತಿಂದು ವಾಸಿಯಾಯಿತೆಂದು ಬಿಟ್ಟುಬಿಡುತ್ತೇವೆ.

ಮಜೀದಾಳಿಗೆ ಸಕ್ಕರೆ ಇರುವುದು ಓಣಿಯಲ್ಲಿ ನಡೆದ ತಪಾಸಣೆಯಲ್ಲಿ ಗೊತ್ತಾಯಿತು. ಅವಳು ಅದನ್ನು ಮುಚ್ಚಿಡಲಿಲ್ಲ. ಗುಳಿಗೆಯ ಪಟ್ಟಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿದ್ದಳು. ಬಿಳಿಯ, ಉದ್ದನೆಯ, ದಪ್ಪ ಗುಳಿಗೆ. ಅದನ್ನು ನೋಡಿದರೆ ಅನ್ನಮ್ಮನಿಗೆ ತನ್ನ ರೊಟ್ಟಿಗೇ ಯಾರೋ ಹೆಸರಿಟ್ಟಂತೆ ಆಗುತ್ತಿತ್ತು.

"ಮಜೀದಾ, ರೊಟ್ಟಿ ಬಡಿಯೋ ಕೈಗಿ ಗುಳಗಿ ಯಾಕ ಬೇಕು? ನನ್ನ ನೋಡು. ಹುಟ್ಟಿದಾಗಿಂದ ಒಂದರ ನುಂಗೀನೇನು?"

"ಡಾಕ್ಟರ್ ಬಿಡಬ್ಯಾಡ ಅಂದಾರ ಅಕ್ಕಾ."

"ಡಾಕ್ಟರ್ ಏನು ನಿನ್ನ ಸಂಗಟ ಒಲಿ ಮುಂದ ಕುಂಡ್ರತಾರ? ನಾ ಕುಂಡ್ರತೀನಿ. ನನ್ನ ಮಾತು ಕೇಳು."

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮಜೀದಾಳೂ ನಕ್ಕಳು. ನಗುತ್ತಲೇ ಪಟ್ಟಿಯನ್ನು ಒಲೆಗೆ ಎಸೆದಳು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಆ ಹೊತ್ತಿನ ಒಂದು ರೊಟ್ಟಿ ಕೆಟ್ಟಿತು, ಅಷ್ಟೇ. ಅನ್ನಮ್ಮ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಪ್ರೀತಿಯಿಂದ ಹೇಳಿದಳು, ಜೊತೆಗೆ ಒಂದಿಷ್ಟು ಜಂಬದಿಂದ. ಈ ಎರಡೂ ಸೇರಿದಾಗ ಮನುಷ್ಯರು ಆಡುವ ಮಾತಿನ ಬಗ್ಗೆ ನನಗೆ ಇವತ್ತಿಗೂ ಭಯವಿದೆ.

ಇದಾದ ಮೇಲೆ ಕಸ್ತೂರಿ ಫೋನಿನಲ್ಲಿ ದೊಡ್ಡಮ್ಮನ ಮಾತನ್ನು ಹಿಡಿದಳು. ರೊಟ್ಟಿ ಬಡಿಯುತ್ತ, ನಗುತ್ತ, "ಗುಳಗಿ ಬಿಡ್ರಿ, ರೊಟ್ಟಿ ಹಿಡೀರಿ" ಎಂದು ಅನ್ನಮ್ಮ ಹೇಳುವ ಆ ವಿಡಿಯೋ ಹಳ್ಳಿಹಳ್ಳಿ ಸುತ್ತಿತು. ದೇವಾಪುರದಿಂದ ಹೆಂಗಸರು ಗುಂಪಾಗಿ ಬಂದು ಅವಳನ್ನು ನೋಡಿ ಹೋದರು. ಶಹಾಪುರದ ಒಂದು ಮಹಿಳಾ ಸಂಘದವರು ಕರೆದು ಶಾಲು ಹೊದಿಸಿ, ಸದಾ ಆರೋಗ್ಯವಾಗಿ, ಲವಲವಿಕೆಯಿಂದ ಇರುವುದು ಹೇಗೆ ಎಂದು ಮಾತಾಡಿಸಿದರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಈಗಿನ ಕಾಲದಲ್ಲಿ ಆಡಿದ ಮಾತು ಹೋಗುವುದೂ ಇಲ್ಲ, ತಿರುತಿರುಗಿ ಬರುತ್ತದೆ.

ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಒಲೆಯಿಂದ ಕೆಂಡ ಸಿಡಿದು ಅನ್ನಮ್ಮನ ಪಾದದ ಮೇಲೆ ಬಿತ್ತು. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಮೊದಲು ವಾಸನೆ ಹತ್ತಿದ್ದು ಮಜೀದಾಳಿಗೆ.

"ಅಕ್ಕಾ, ಕಾಲು. ಕಾಲು ನೋಡು."

ಅನ್ನಮ್ಮ ಬಗ್ಗಿ ನೋಡಿದಳು. ಕೆಂಡ ಚರ್ಮಕ್ಕೆ ಕಚ್ಚಿಕೊಂಡು ಕೂತಿತ್ತು. ಮಜೀದಾ ಚಿಮಟದಿಂದ ಅದನ್ನು ತೆಗೆದಳು, ನೀರು ಸುರಿದಳು. "ದುಡಿಯೋರ ಚರ್ಮ ದಪ್ಪಿರ್ತದ" ಎಂದು ಅನ್ನಮ್ಮ ನಕ್ಕಳು. ಆದರೆ ಅವತ್ತು ಮಧ್ಯಾಹ್ನ ಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ಪಾದವನ್ನು ಉಗುರಿನಿಂದ ಒತ್ತಿ ನೋಡಿಕೊಂಡಳಂತೆ. ಒಂದು ಕಡೆ ಗೊತ್ತಾಗುತ್ತಿತ್ತು, ಇನ್ನೊಂದು ಕಡೆ ಗೊತ್ತಾಗುತ್ತಿರಲಿಲ್ಲ. ಇದನ್ನೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು.

ಸುರಪುರದ ದವಾಖಾನೆಗೆ ಹೋಗಲಿಲ್ಲ, ಎಲ್ಲರೂ ಗುರುತಿನವರು. ಶಹಾಪುರದಲ್ಲಿ ಶಾಲು ಹೊದ್ದುಕೊಂಡಿದ್ದಳು, ಅದೂ ಆಗಲಿಲ್ಲ. ಕಸ್ತೂರಿಗೆ ಏನೋ ನೆಪ ಹೇಳಿ ಯಾದಗಿರಿಯ ಬಸ್ಸು ಹತ್ತಿದಳು. ಅಲ್ಲಿ ವೈದ್ಯರ ಬಾಗಿಲಿನ ಮುಂದೆ ಕೂತಿರುವಾಗ ಪಕ್ಕದ ಹೆಂಗಸು ಅವಳ ಮುಖವನ್ನೇ ನೋಡತೊಡಗಿದಳು.

"ನೀವು ರೊಟ್ಟಿ ಅನ್ನಮ್ಮ ಅಲ್ರೀ? ಫೋನ್‌ನ್ಯಾಗ ನೋಡೀನಿ. ನೀವ್ಯಾಕ್ರೀ ಇಲ್ಲಿ?"

"ನಮ್ಮ ತಂಗಿ ಮಗಳಿಗಿ ಆರಾಮಿಲ್ಲ. ಕೇಳ್ಕೊಂಡು ಹೋಗಾಕ ಬಂದೀನಿ."

ಹಾಗೆ ಹೇಳುವಾಗ ಸುಟ್ಟ ಪಾದವನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡಳು. ಹೆಸರು ಕೂಗಿದಾಗ ಏಳಲಿಲ್ಲ. ಆ ಹೆಂಗಸು ತೋರಿಸಿಕೊಂಡು ಹೋದ ಮೇಲೆ ಎದ್ದು ಒಳಗೆ ಹೋದಳು.

ಒಳಗಿದ್ದ ವೈದ್ಯೆ ಹರೆಯದ ಹುಡುಗಿ. ಸಕ್ಕರೆ ಬಹಳ ಇದೆ, ಬಹಳ ದಿನದಿಂದ ಇದೆ, ಅದಕ್ಕೇ ಕಾಲಿಗೆ ಸ್ಪರ್ಶ ಹೋಗಿದೆ ಎಂದಳು. ಜೋಳದ ರೊಟ್ಟಿ ಒಳ್ಳೆಯದೇ, ನಡೆಯುವುದೂ ಒಳ್ಳೆಯದೇ, ಆದರೆ ಈ ಬೇನೆಗೆ ಅಷ್ಟೇ ಸಾಲದು, ಗುಳಿಗೆ ಬಿಡುವಂತಿಲ್ಲ ಎಂದಳು. ಅನ್ನಮ್ಮ ಅತ್ತಳು. ವೈದ್ಯೆ ಹೆದರಿಕೆಯ ಅಳು ಎಂದುಕೊಂಡು, "ಅಳಬ್ಯಾಡ್ರಿ ಅಮ್ಮ, ಇದೇನು ನಿಮ್ಮ ತಪ್ಪಲ್ಲ" ಎಂದಳು. ಪಾಪ, ಆ ಹುಡುಗಿಗೆ ಏನು ಗೊತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಮಜೀದಾಳಿಗೆ ಹೇಳುವ ಮಾತು ಜೋಡಿಸಿಕೊಂಡಳು. "ಮಜೀದಾ, ನಾ ತಪ್ಪಿ ಹೇಳಿದ್ನಿ. ಮತ್ತ ಗುಳಗಿ ತಗೋ, ನಾನೂ ತಗೋತೀನಿ." ಅಷ್ಟೇ ಇತ್ತು ಹೇಳಬೇಕಾದದ್ದು. ಆದರೆ ಅಂಗಡಿಯ ಮುಂದೆ ದೇವಾಪುರದಿಂದ ಬಂದ ಹೆಂಗಸರು ಕಾಯುತ್ತಿದ್ದರು. ಅದರಲ್ಲೊಬ್ಬಳು, ತಾನೂ ಗುಳಿಗೆ ಬಿಡಬೇಕೆಂದಿದ್ದೇನೆ, ಬಿಡಲೇ ಎಂದು ಕೇಳಿದಳು. ಅನ್ನಮ್ಮ ಬಾಯಿ ತೆರೆಯುವ ಮೊದಲೇ ಕಸ್ತೂರಿ, "ನಮ್ಮ ದೊಡ್ಡಮ್ಮನ್ನ ನೋಡ್ರಿ, ಇನ್ನೇನು ಬೇಕು?" ಎಂದಳು. ಎಲ್ಲರೂ ನೋಡಿದರು. ಮಜೀದಾಳೂ ಹೆಮ್ಮೆಯಿಂದ ನೋಡಿದಳು. ಅನ್ನಮ್ಮ ತಲೆಯಾಡಿಸಿದಳು.

ಅವತ್ತಿನಿಂದ ಅವಳ ಗುಳಿಗೆ ಎಲೆ ಸಂಚಿ ಸೇರಿತು. ಮಡಚಿದ ಎಲೆಯೊಳಗೆ ಗುಳಿಗೆ ಇಟ್ಟು, ಎಲ್ಲರ ಎದುರಿಗೇ ಬಾಯಿಗೆ ಹಾಕಿಕೊಂಡು, ನಾಲಗೆಯಿಂದ ಅದನ್ನು ಹೊರಳಿಸಿ, ಒಂದು ಗುಟುಕು ನೀರಿನಲ್ಲಿ ಇಳಿಸಿಬಿಡುವಳು. ಎಲೆ ಹಾಕುವಾಗ ನೀರು ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳ ಕಾಲು ಮೆಲ್ಲಗೆ ವಾಸಿಯಾಯಿತು. ನಗು ಮಾತ್ರ ಸಣ್ಣದಾಯಿತು. ಬೀದಿಯ ತುದಿಯವರೆಗೆ ಹೋಗುತ್ತಿದ್ದ ನಗು ಚಪ್ಪರ ದಾಟುತ್ತಿರಲಿಲ್ಲ. ನಾನು ವಯಸ್ಸಾಯಿತು ಎಂದುಕೊಂಡೆ.

ಬೇಸಿಗೆಯ ಹೊತ್ತಿಗೆ ಮಜೀದಾಳ ಎಡಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ಅರಿಶಿನ ಮೆತ್ತಿದಳು, ಬಟ್ಟೆ ಸುತ್ತಿದಳು. ವಾರಗಳು ಕಳೆದರೂ ಅದು ಮಾಯಲಿಲ್ಲ. ಬೆರಳು ಬಣ್ಣಗೆಟ್ಟದ್ದು ಅನ್ನಮ್ಮನ ಕಣ್ಣಿಗೆ ಬಿತ್ತು. ಯಾದಗಿರಿಯ ವೈದ್ಯೆ ಇಂಥದ್ದನ್ನೇ ಹೇಳಿ ಹೆದರಿಸಿದ್ದಳು. ಈಗ ಹೇಳದಿದ್ದರೆ ಮಜೀದಾಳ ಕಾಲೇ ಹೋದೀತು ಎಂದು ಅವಳೊಬ್ಬಳಿಗೆ ಗೊತ್ತಿತ್ತು.

"ದವಾಖಾನಿಗಿ ಹೋಗಿ ಬಾ ಮಜೀದಾ."

"ಕಾಯ್ಕು ಅಕ್ಕಾ? ಯಾಕ ಹೋಗ್ಲಿ? ಹೋದ್ರ ಮತ್ತ ಅದೇ ಗುಳಗಿ ಕೊಡ್ತಾರ. ನೀನೇ ಬ್ಯಾಡ ಅಂದಿ. ಎರಡು ರೊಟ್ಟಿ ಹೆಚ್ಚು ತಿಂತೀನಿ, ಮಾಯ್ತದ."

ಆಗ ಅನ್ನಮ್ಮ ಮಾಡಿದ ಕೆಲಸ ಕೇಳಿದರೆ ನಿಮಗೆ ನಗು ಬರಬಹುದು, ನನಗೆ ಬರಲಿಲ್ಲ. ತನ್ನ ಗುಳಿಗೆಯನ್ನು ಕುಟ್ಟಿ ಪುಡಿ ಮಾಡಿ, ಸುಣ್ಣದ ಜೊತೆ ಕಲಸಿ, ಮಜೀದಾಳ ಎಲೆಗೆ ಸವರತೊಡಗಿದಳು. ಬಾಯಿಬಿಟ್ಟು ಹೇಳಲಾರದ್ದನ್ನು ಎಲೆಯೊಳಗೆ ಇಟ್ಟು ಕೊಟ್ಟಳು. ಹೀಗೆ ಮಾಡಿದರೆ ಮಜೀದಾಳ ಬೆರಳೂ ಉಳಿಯುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದಳು. ಮಾಯದ ಗಾಯಕ್ಕೆ ವೈದ್ಯರ ಕೈ ಬೇಕು, ಕದ್ದು ಕೊಟ್ಟ ಚೂರುಪಾರು ಪುಡಿಯಲ್ಲ. ಅದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

"ಎಲಿ ಯಾಕೋ ಕಹಿ ಆಗ್ಯಾದಲ್ಲ" ಎಂದಳು ಒಂದು ದಿನ ಮಜೀದಾ.

"ನಾ ಏನೂ ಹಾಕಿಲ್ಲ" ಎಂದಳು ಅನ್ನಮ್ಮ.

ಹಾಕಿದ್ದೀಯೆಂದು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಜೀದಾ ಸುಮ್ಮನೆ ಅಗಿದಳು. ಅನ್ನಮ್ಮ ಕೊಟ್ಟ ಎಲೆಯಲ್ಲಿ ಅನುಮಾನ ಪಡುವುದು ಅವಳಿಗೆ ಗೊತ್ತೇ ಇರಲಿಲ್ಲ.

ಗುಟ್ಟು ಬಯಲಾದ ದಿನ ರಜೆ ಇದ್ದದ್ದರಿಂದ ನಾನು ತಡವಾಗಿ ರೊಟ್ಟಿಗೆ ಹೋಗಿದ್ದೆ. ಮದುವೆ ಮನೆಯೊಂದಕ್ಕೆ ರೊಟ್ಟಿ ಕಳಿಸುವ ಗಡಿಬಿಡಿ. ಅನ್ನಮ್ಮನಿಗೆ ಗುಳಿಗೆ ಪೂರ್ತಿ ಕುಟ್ಟಲು ಸಮಯ ಸಿಕ್ಕಿರಲಿಲ್ಲ. ಎಲೆ ಮಡಚಿ ಕೊಟ್ಟಳು. ಮಜೀದಾ ಬಾಯಿಗಿಟ್ಟು ಕಚ್ಚಿದಳು, ಮುಖ ಕಿವುಚಿದಳು, ಅಂಗೈಗೆ ಉಗುಳಿದಳು. ಎಲೆಯ ರಸದ ನಡುವೆ ಬಿಳಿಯ ಅರ್ಧ ಚೂರು.

ಅವಳು ಅದನ್ನು ಬೆರಳಿನಿಂದ ಹೊರಳಿಸಿ ನೋಡಿದಳು.

"ಇದು ನನ್ನ ಗುಳಗಿ" ಎಂದಳು. "ನಾ ಒಲಿಗಿ ಒಗೆದಿದ್ನಲ್ಲ, ಇಂಥಾದೇ."

ಅನ್ನಮ್ಮ ತಲೆ ಎತ್ತಲಿಲ್ಲ. "ಅಲ್ಲ. ನಂದು."

"ನಿಂದು?"

"ನನಗೂ ಸಕ್ರಿ ಅದಾ."

"ಯಾವಾಗಿಂದ?"

"ಕಾಲು ಸುಟ್ಟಾಗಿಂದ ಗೊತ್ತು."

ಕಸ್ತೂರಿ ಕಟ್ಟುತ್ತಿದ್ದ ರೊಟ್ಟಿಯನ್ನು ಹಾಗೇ ಹಿಡಿದು ನಿಂತಳು. ಮಜೀದಾ ಅಂಗೈಯನ್ನೂ ನೋಡಿದಳು, ಬಟ್ಟೆ ಸುತ್ತಿದ ತನ್ನ ಬೆರಳನ್ನೂ ನೋಡಿದಳು. ಬಯ್ಯಲಿಲ್ಲ. ಎದ್ದು ಕೈ ತೊಳೆದಳು, ಚಪ್ಪಲಿ ಮೆಟ್ಟಿದಳು, ಕುಂಟುತ್ತ ಬೀದಿಗೆ ಇಳಿದಳು. ಹೆಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾನು ಅವಳ ಹಿಂದೆ ಓಡಿದೆ. ಅವಳ ಮಗಳು ಗುಡ್ಡಿಯನ್ನು ಕರೆದುಕೊಂಡು ಅವತ್ತೇ ದವಾಖಾನೆಗೆ ಹೋದೆವು, ಅಲ್ಲಿಂದ ಕಲಬುರಗಿಗೆ ಕಳಿಸಿದರು. ಕಾಲು ಉಳಿಯಿತು. ಬೆರಳು ಉಳಿಯಲಿಲ್ಲ. ಸ್ವಲ್ಪ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದರು ವೈದ್ಯರು. ಊರಿಗೆ ಬಂದ ಕೂಡಲೇ ಈ ಮಾತನ್ನು ಅಕ್ಷರ ಬಿಡದೆ ಅನ್ನಮ್ಮನಿಗೆ ಹೇಳಿದೆ. ನೋಯಲಿ ಎಂದೇ ಹೇಳಿದೆ. ನೊಂದಳು. ಅವಳು ಹೇಳಿಕೊಂಡದ್ದೆಲ್ಲ ಅವತ್ತೇ, ನನ್ನ ಮನೆಯ ಹೊಸ್ತಿಲಲ್ಲಿ ಕೂತು.

"ಹೇಳಾಕ ನಾಚಿಗಿ ಆಯ್ತು ಟೀಚರಮ್ಮ" ಎಂದಳು. "ಬ್ಯಾನಿಗಿ ಅಂಜಿಲ್ಲ ನಾ. ನಗ್ತಾರ ಅಂತ ಅಂಜಿದ್ನಿ."

ಮಜೀದಾ ಮನೆಗೆ ಬಂದ ಮೇಲೆ ಅನ್ನಮ್ಮ ಬಿಸಿ ರೊಟ್ಟಿ ಕಟ್ಟಿಕೊಂಡು ಅವಳ ಮನೆಗೆ ಹೊರಟಳು. ಒಬ್ಬಳೇ ಹೋಗುವ ಧೈರ್ಯವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋದಳು. ಮಜೀದಾ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಅನ್ನಮ್ಮ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ನನಗ ಮಾಫ್ ಮಾಡು ಮಜೀದಾ. ನಾಚಿಗೀಲಿಂದ ಬಾಯಿ ಬರಲಿಲ್ಲ."

ಮಜೀದಾ ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿಕೊಂಡಳು.

"ನನಗ ಸಕ್ರಿ ಅದಾ ಅಂತ ಓಣಿಗೆಲ್ಲ ಗೊತ್ತಿತ್ತು. ನಾ ನಾಚಿದ್ನೇನು? ನಾಚಿಗಿ ನಿಂದು ಅಕ್ಕಾ. ಬೆರಳು ನಂದು ಹೋಯ್ತು."

ಆಮೇಲೆ ಮಜೀದಾಳೇ ಹೇಳಿದಳು, "ರೊಟ್ಟಿ ಅಲ್ಲಿಟ್ಟು ಹೋಗು. ಹಸಿವ್ಯಾಗ್ಯಾದ, ಗುಳಗಿ ತಗೋಬೇಕು."

ಮರುದಿನ ಅನ್ನಮ್ಮ ಕಸ್ತೂರಿಯನ್ನು ಕೂರಿಸಿಕೊಂಡು ಇನ್ನೊಂದು ವಿಡಿಯೋ ಮಾಡಿಸಿದಳು. ಕಸ್ತೂರಿ ಬೇಡವೆಂದು ಅತ್ತಳು, ದೊಡ್ಡಮ್ಮ ಬಿಡಲಿಲ್ಲ. "ನನಗ ಸಕ್ರಿ ಬ್ಯಾನಿ ಅದಾ. ಗುಳಗಿ ಬಿಡ್ರಿ ಅಂತ ನಾ ಹೇಳಿದ್ದು ಸುಳ್ಳು. ನನ್ನ ಮಾತು ಕೇಳಿ ಒಬ್ಬಾಕಿ ಬೆರಳು ಕಳಕೊಂಡಾಳ. ನಡೀರಿ, ನಗ್ರಿ, ರೊಟ್ಟಿ ತಿನ್ರಿ, ಗುಳಗಿ ನುಂಗ್ರಿ" ಎಂದಳು. ನಗಲಿಲ್ಲ. ಆ ವಿಡಿಯೋ ನಮ್ಮ ಓಣಿ ದಾಟಿ ಬಹಳ ದೂರವೇನೂ ಹೋಗಲಿಲ್ಲ. ಮೊದಲಿನದು ಇನ್ನೂ ತಿರುಗುತ್ತಿದೆ. ಮೊನ್ನೆ ಕೂಡ ದೋರನಹಳ್ಳಿಯಿಂದ ಒಬ್ಬಳು ಅದನ್ನೇ ನೋಡಿ ಬಂದಿದ್ದಳು. ಅನ್ನಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು, ಸಂಚಿಯಿಂದ ಗುಳಿಗೆ ತೆಗೆದು, ಅಂಗೈಯಲ್ಲಿ ತೋರಿಸಿ, ಅವಳ ಮುಂದೆಯೇ ನುಂಗಿದಳು. ಹಾಗೆ ಮಾಡುವಾಗ ಈಗಲೂ ಅವಳ ಕಿವಿ ಕೆಂಪಾಗುತ್ತದೆ. ಬಂದವರಲ್ಲಿ ಕೆಲವರು ನಗುತ್ತಾರೆ, ಕೆಲವರು ಬಯ್ದು ಹೋಗುತ್ತಾರೆ. ಒಂದಿಬ್ಬರು ದವಾಖಾನೆಯ ದಾರಿ ಕೇಳಿಕೊಂಡು ಹೋದದ್ದೂ ಉಂಟು.

ನಸುಕಿನ ನಡಿಗೆ ಬಿಟ್ಟಿಲ್ಲ. ಈಗ ಚಪ್ಪಲಿ ಹಾಕಿಕೊಂಡು ಹೋಗುತ್ತಾಳೆ, ಬಂದು ಪಾದ ತಿರುಗಿಸಿ ನೋಡಿಕೊಳ್ಳುತ್ತಾಳೆ.

ಮಜೀದಾ ಮಳೆಗಾಲದಲ್ಲಿ ಕೆಲಸಕ್ಕೆ ಮರಳಿದಳು. ಯಾಕೆ ಬಂದೆ ಎಂದು ನಾನು ಕೇಳಿದ್ದಕ್ಕೆ, "ಮತ್ತೆಲ್ಲಿ ಹೋಗ್ಲಿ? ಆಕಿ ಬಡಿದ ರೊಟ್ಟಿ ಬೇಯ್ಸಿ ಕೈಗಿ ರೂಢಿ ಆಗ್ಯಾದ" ಎಂದಳು. ಅದೇ ಒಲೆ, ಅದೇ ಜಾಗ. ಬಡಿದ ರೊಟ್ಟಿ ಮೊದಲಿನ ಹಾಗೇ ಈ ಕೈಯಿಂದ ಆ ಕೈಗೆ ಹೋಗುತ್ತದೆ. ಇಬ್ಬರೂ ಮಾತಾಡುತ್ತಾರೆ, ಒಮ್ಮೊಮ್ಮೆ ನಗುತ್ತಾರೆ ಕೂಡ.

ಕೆಲಸ ಮುಗಿದ ಮೇಲೆ ಅನ್ನಮ್ಮ ಎಲೆ ಮಡಚಿ ಕೊಡುತ್ತಾಳೆ. ಮಜೀದಾ ಕೈ ಚಾಚಿ ತೆಗೆದುಕೊಳ್ಳುತ್ತಾಳೆ. ಬಾಯಿಗಿಡುವ ಮೊದಲು ಮಡಿಕೆ ಬಿಚ್ಚಿ ಒಳಗೆ ನೋಡುತ್ತಾಳೆ. ದಿನಾಲೂ ನೋಡುತ್ತಾಳೆ. ಅಷ್ಟು ಹೊತ್ತು ಅನ್ನಮ್ಮ ಒಲೆಯ ಬೂದಿ ಎಳೆಯುತ್ತಾ ಕೂತಿರುತ್ತಾಳೆ.